ಎಂ.ಎ. ಬೇಡ ಎನ್ನುವ ಮೊದಲು ಹುದ್ದೆ ತುಂಬಿ



ಪದವಿ ಪರೀಕ್ಷೆಯ ಫಲಿತಾಂಶ ಬಂದ ಕೂಡಲೇ ನಮ್ಮ ಕಡೆ ಒಂದೇ ಮಾತು ಕೇಳಿಬರುತ್ತದೆ: ‘ಎಂ.ಎ. ಮಾಡಿ ಯಾರು ಉದ್ಧಾರ ಆಗ್ಯಾರ? ಲಾ ಸೇರು.’ ಬೀಳ್ಕೊಡುಗೆ ಸಮಾರಂಭದ ಅತಿಥಿಗಳೂ ಇದನ್ನೇ ಹೇಳುತ್ತಾರೆ, ಮನೆಯ ಹಿರಿಯರೂ ಇದನ್ನೇ ಹೇಳುತ್ತಾರೆ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನಾಗಿ ಈ ಸಲಹೆಗೆ ನನ್ನ ತಕರಾರಿದೆ.

ಕಳೆದ ವರ್ಷ ಬಿ.ಎ. ಮುಗಿಸಿದ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಕೈಯಲ್ಲಿ ಎರಡು ಅರ್ಜಿ: ಒಂದು ಮೂರು ವರ್ಷದ ಎಲ್‌ಎಲ್‌ಬಿಗೆ, ಇನ್ನೊಂದು ಇತಿಹಾಸ ಎಂ.ಎ.ಗೆ. ಎರಡನ್ನೂ ರೆಗ್ಯುಲರ್ ಆಗಿ ಒಟ್ಟಿಗೆ ಓದಲು ಭಾರತೀಯ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್) ನಿಯಮ ಬಿಡುವುದಿಲ್ಲ. ಜೊತೆಗೆ ಅಜ್ಜನ ಕಾಲದ ಒಂದು ಕ್ರಯಪತ್ರವನ್ನೂ ತಂದಿದ್ದಳು. ಹೊಲದ ಬದುವಿನ ವಿಷಯದಲ್ಲಿ ದಾಯಾದಿಗಳೊಡನೆ ವ್ಯಾಜ್ಯ. ‘ಮನೆಗೊಬ್ಬರು ವಕೀಲರು ಬೇಕು’ ಎಂಬುದು ತಂದೆಯ ಹಟ. ಪತ್ರದ ಚಕ್ಕುಬಂದಿಯನ್ನು ಬೆರಳಿಟ್ಟು ಓದುತ್ತಿದ್ದವಳು ತಲೆಯೆತ್ತಿ, ‘ಸರ್, ಇದು ದಾನಶಾಸನದ ಹಂಗೇ ಐತಲ್ಲ’ ಎಂದಳು. ಅವಳು ಹೇಳಿದ್ದು ನಿಜ. ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಕೆರೆ, ಹಳ್ಳ, ನಟ್ಟ ಕಲ್ಲುಗಳನ್ನು ಹೆಸರಿಸಿ ಭೂಮಿಯ ಎಲ್ಲೆ ಹೇಳುವ ಕ್ರಮ ಸಾವಿರ ವರ್ಷದ ಹಿಂದಿನ ನಮ್ಮ ಶಾಸನಗಳಲ್ಲೇ ಇದೆ. ಇಂಥ ಕಣ್ಣಿರುವ ಹುಡುಗಿಗೆ ‘ಎಂ.ಎ. ದಂಡ’ ಎನ್ನಲು ನನಗೆ ಬಾಯಿ ಬರಲಿಲ್ಲ.

ಲಾ ಓದಿದರೆ ಬೇಗ ಅನ್ನದ ದಾರಿ ಎನ್ನುವವರು ಪೂರ್ತಿ ಲೆಕ್ಕ ಹೇಳಬೇಕು. ಮೂರು ವರ್ಷ ಓದು, ಆಮೇಲೆ ಸನ್ನದು, ಅದರ ಜೊತೆಗೆ ಅಖಿಲ ಭಾರತ ವಕೀಲರ ಪರೀಕ್ಷೆ. ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯಲು ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ತೀರ್ಪು ಕೊಟ್ಟಿದೆ. ಅಲ್ಲಿಗೆ ಆರು ವರ್ಷವಾಯಿತು. ಆ ಮೂರು ವರ್ಷ ಕಿರಿಯ ವಕೀಲರ ಹೊಟ್ಟೆ ಹೇಗೆ ತುಂಬಬೇಕು? ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸೂಚಿಸಿತು. ಆದರೆ ಅದು ಶಿಫಾರಸು ಮಾತ್ರ. ತಾಲ್ಲೂಕು ಕೋರ್ಟುಗಳಲ್ಲಿ ಇವತ್ತಿಗೂ ಸೀನಿಯರ್ ಕೈಯೆತ್ತಿ ಕೊಟ್ಟಷ್ಟೇ ಗತಿ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಹೇಳುತ್ತಾರೆ.

ಇನ್ನು ಎಂ.ಎ. ಮಾತು. ಎರಡು ವರ್ಷ ಓದಿ, ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ಕೆ-ಸೆಟ್ ಅಥವಾ ನೆಟ್ ಪಾಸಾದವರು ಎಲ್ಲಿಗೆ ಹೋಗುತ್ತಾರೆ? ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠ ನಡೆಯುತ್ತಿರುವುದೇ ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. 2023ರ ಕೊನೆಗೆ ಅವರು ಸೇವಾ ಭದ್ರತೆ ಕೇಳಿ ತರಗತಿ ಬಿಟ್ಟು ಬೀದಿಗೆ ಇಳಿದದ್ದನ್ನು ನಾಡೇ ನೋಡಿದೆ. ಪಾಠ ಮಾಡುವವರು ಅಷ್ಟು ಜನ ಬೇಕು, ಆದರೆ ಅವರಿಗೆ ಕಾಯಂ ಹುದ್ದೆ ಇಲ್ಲ. ಹುದ್ದೆ ತುಂಬದೆ ಬಿಟ್ಟ ತಪ್ಪನ್ನು ಎಂ.ಎ. ಪದವಿಯ ತಲೆಗೆ ಕಟ್ಟುತ್ತಿದ್ದೇವೆ. ಮಕ್ಕಳು ಹಿಂಜರಿದು ಸೀಟು ಖಾಲಿ ಉಳಿದರೆ, ಬೇಡಿಕೆಯೇ ಇಲ್ಲವೆಂದು ವಿಭಾಗಗಳನ್ನೇ ಮುಚ್ಚುವ ಮಾತು ಬರುತ್ತದೆ.

ಕಾನೂನು ಓದಿದವರನ್ನು ನಾನು ಹೀಗಳೆಯುತ್ತಿಲ್ಲ. ವಿಜಯಪುರದಲ್ಲಿ ವಕೀಲಿಕೆ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ವಚನಗಳ ತಾಡೋಲೆ ಹುಡುಕಿ ಊರೂರು ಅಲೆದದ್ದರಿಂದಲೇ 1923ರಲ್ಲಿ ‘ವಚನಶಾಸ್ತ್ರಸಾರ’ ನಮ್ಮ ಕೈಗೆ ಬಂತು. ಹಾಸನದ ವಕೀಲೆ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಹಳಕಟ್ಟಿಯವರು ಶುರು ಮಾಡಿದ ಕೆಲಸ ಮುಂದುವರಿದು ಹದಿನೈದು ಸಮಗ್ರ ವಚನ ಸಂಪುಟಗಳಾದಾಗ, ಅವುಗಳ ಪ್ರಧಾನ ಸಂಪಾದಕರಾಗಿದ್ದವರು ಕನ್ನಡ ಎಂ.ಎ. ಓದಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ಎಂ.ಎಂ. ಕಲಬುರ್ಗಿ. ಒಂದೇ ವಚನರಾಶಿಗೆ ವಕೀಲರೂ ಬೇಕಾದರು, ಮೇಷ್ಟರೂ ಬೇಕಾದರು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಕಲಾ ವಿಭಾಗಗಳ ಖಾಲಿ ಬೋಧಕ ಹುದ್ದೆಗಳಿಗೆ ನಿಯಮಿತವಾಗಿ ನೇಮಕಾತಿ ನಡೆಯಲಿ. ಕಿರಿಯ ವಕೀಲರ ಶಿಷ್ಯವೇತನ ಶಿಫಾರಸಾಗಿ ಉಳಿಯದೆ ಕಡ್ಡಾಯವಾಗಲಿ. ಅಂತಿಮ ವರ್ಷದ ಪ್ರತಿ ವಿದ್ಯಾರ್ಥಿಗೂ ಎರಡೂ ದಾರಿಯ ವರ್ಷ, ಖರ್ಚು, ಪರೀಕ್ಷೆಗಳ ವಿವರವನ್ನು ಕಾಲೇಜೇ ಬರೆದು ಕೊಡಲಿ. ಆಯ್ಕೆ ಮಕ್ಕಳದಾಗಿರಲಿ.

ಆ ಹುಡುಗಿ ಎಂ.ಎ.ಗೆ ಸೇರಿದ್ದಾಳೆ. ಲಾ ಕಾಲೇಜಿನ ಅರ್ಜಿಯನ್ನು ಹರಿಯದೆ ಕ್ರಯಪತ್ರದ ಜೊತೆ ಮಡಿಸಿಟ್ಟಿದ್ದಾಳಂತೆ. ನಾಳೆ ಅವಳು ಕೆ-ಸೆಟ್ ಪಾಸಾಗಿ ಬಂದು ನಿಂತಾಗ, ಅರ್ಜಿ ಹಾಕಲು ಸರ್ಕಾರದ ಒಂದು ನೇಮಕಾತಿ ಅಧಿಸೂಚನೆ ಇರಬೇಕು.

— ನಿವೃತ್ತ ಇತಿಹಾಸ ಅಧ್ಯಾಪಕ, ಹಾವೇರಿ