ಕೈಯ ಪಟ್ಟು, ಸೂಜಿಯ ಮೊನೆ

ಚಳ್ಳಕೆರೆ ಸೀಮೆಯ ಉಳ್ಳಾರ್ತಿ ಕಾವಲನ್ನೂ ಅದರ ಆಸುಪಾಸಿನ ವರವು ಕಾವಲನ್ನೂ ಕಂಡಿರುವ ವಾಚಕರಿಗೆ ಆ ಬಯಲಿನ ವಿಸ್ತಾರವನ್ನು ವರ್ಣಿಸಿ ಹೇಳಬೇಕಾಗಿಲ್ಲ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳು ಮೇಯುತ್ತಿದ್ದ ಈ ಹುಲ್ಲುಗಾವಲುಗಳ ಬಹುಭಾಗವು ಈಗ ವಿಜ್ಞಾನ ಸಂಸ್ಥೆಗಳ ಬೇಲಿಯೊಳಗೆ ಸೇರಿದೆ. ೨೦೨೪ರ ಮಾರ್ಚ್ ೨೨ರಂದು ವರವು ಕಾವಲಿನ ವಿಮಾನ ಪರೀಕ್ಷಾ ಕೇಂದ್ರದಲ್ಲಿ ಇಸ್ರೋದ ವಿಜ್ಞಾನಿಗಳು 'ಪುಷ್ಪಕ'ವೆಂಬ ರೆಕ್ಕೆಯುಳ್ಳ ವಾಹನವನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಕೈಬಿಟ್ಟರು. ಅದು ತಾನಾಗಿಯೇ ದಾರಿ ಹಿಡಿದು ರನ್‌ವೇಯ ಮೇಲೆ ಬಂದಿಳಿಯಿತು. ಗಂಟೆಗೆ ೩೨೦ ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ನೆಲ ಮುಟ್ಟುವ ಗಾಲಿಗಳು ಎಷ್ಟು ಬಲವನ್ನು ತಾಳಬೇಕೆಂಬುದನ್ನು ಮೊದಲೇ ಲೆಕ್ಕಹಾಕಿದ್ದಲ್ಲದೆ ಇಂತಹ ಪ್ರಯೋಗಕ್ಕೆ ಯಾರೂ ಕೈಹಾಕಲಾರರು. ಅದೇ ಬೇಲಿಯ ಹೊರಗೆ ಕುರಿ ಕಾಯುವವನೊಬ್ಬನ ಕುತ್ತಿಗೆ ಹಿಡಿದುಕೊಂಡಿತೆನ್ನಿ. ಅದನ್ನು ಗಕ್ಕನೆ ತಿರುಚಿ ಸರಿಪಡಿಸುವ ಕೈ ಎಷ್ಟು ಬಲವನ್ನು ಹಾಕಿತೆಂದು ಕೇಳುವವರಿಲ್ಲ.

ಈ ಮಾತನ್ನು ಎತ್ತಲು ಕಾರಣವಿದೆ. ಬೆನ್ನುಮೂಳೆಯನ್ನು ಕೈಯಿಂದ ಅದುಮಿ ತಿರುಚುವ ಅಮೆರಿಕದ ಕೈರೋಪ್ರಾಕ್ಟಿಕ್ ಪದ್ಧತಿಯನ್ನೂ, ಸೂಜಿ ಚುಚ್ಚುವ ಚೀನದ ಅಕ್ಯುಪಂಕ್ಚರನ್ನೂ ಒಂದೇ ಕೊಠಡಿಯಲ್ಲಿ ನಡೆಸುವ ಚಿಕಿತ್ಸಕರು ಈಗ ನಮ್ಮ ನಾಡಿನಲ್ಲಿಯೂ ಕಾಣಿಸಿಕೊಳ್ಳುತ್ತಿದ್ದಾರೆ. ಪೂರ್ವಪಶ್ಚಿಮಗಳ ಸಂಗಮವೆಂದು ಕೆಲವರು ಇದನ್ನು ಹೊಗಳುತ್ತಾರೆ, ಎರಡೂ ಮೋಸವೆಂದು ಕೆಲವರು ತಳ್ಳಿಹಾಕುತ್ತಾರೆ. ನನಗೆ ಈ ಎರಡು ಮಾತುಗಳೂ ಅವಸರದವೆಂದು ತೋರುತ್ತದೆ.

ಕೈರೋಪ್ರಾಕ್ಟಿಕ್ ಎಂಬ ಹೆಸರಿನಲ್ಲಿರುವ ಗ್ರೀಕ್ ಮೂಲದ ಪದಕ್ಕೆ ಕೈ ಎಂದೇ ಅರ್ಥ. ನಮ್ಮ 'ಕೈ'ಗೂ ಅದಕ್ಕೂ ನಂಟಿಲ್ಲ, ಅದು ಕಾಕತಾಳೀಯ. ಅಮೆರಿಕದ ಡಾವೆನ್‌ಪೋರ್ಟ್ ಎಂಬ ಊರಿನಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬಾತನು ೧೮೯೫ರಲ್ಲಿ ಕಿವುಡನಾಗಿದ್ದ ಒಬ್ಬ ಕೆಲಸಗಾರನ ಬೆನ್ನಿನ ಮಣಿಯೊಂದನ್ನು ಅದುಮಿ ಅವನಿಗೆ ಕಿವಿ ಕೇಳುವಂತೆ ಮಾಡಿದೆನೆಂದು ಸಾರಿದನು. ಅಲ್ಲಿಂದ ಮುಂದೆ, ರೋಗಗಳಲ್ಲಿ ನೂರಕ್ಕೆ ತೊಂಬತ್ತೈದು ಬೆನ್ನಿನ ಮಣಿಗಳು ಸ್ಥಾನ ತಪ್ಪುವುದರಿಂದ ಬರುತ್ತವೆಂಬ ವಾದವನ್ನು ಹೂಡಿದನು. ಆದರೆ ಶ್ರವಣದ ನರವು ಕಿವಿಯಿಂದ ನೇರವಾಗಿ ಮೆದುಳಿನ ಕಾಂಡವನ್ನು ಸೇರುತ್ತದೆ. ಬೆನ್ನುಮಣಿಗಳ ದಾರಿಯನ್ನೇ ಅದು ಹಿಡಿಯುವುದಿಲ್ಲ. ಬ್ರಿಟನ್ನಿನಲ್ಲಿ ಕೈರೋಪ್ರಾಕ್ಟಿಕ್ ವೃತ್ತಿಯನ್ನು ನಿಯಂತ್ರಿಸುವ ಮಂಡಲಿಯೇ, ಮಣಿ ಜಾರುವುದರಿಂದ ರೋಗ ಹುಟ್ಟುತ್ತದೆಂಬುದಕ್ಕೆ ಚಿಕಿತ್ಸಾಧಾರವಿಲ್ಲವೆಂದು ೨೦೧೦ರಲ್ಲಿ ಒಪ್ಪಿಕೊಂಡಿತು.

ಹಾಗಾದರೆ ಆ 'ಟಕ್' ಎಂಬ ಸದ್ದು ಏನು? ಮಣಿ ತನ್ನ ಸ್ಥಾನಕ್ಕೆ ಕೂತ ಸದ್ದಲ್ಲವೆ? ಅಲ್ಲ. ಪಾಠದ ನಡುವೆ ಹಿಂದಿನ ಬೆಂಚಿನ ಹುಡುಗರು ಬೆರಳಿನ ನೆಟಿಗೆ ತೆಗೆಯುವಾಗ ಕೇಳುವ ಸದ್ದೂ ಇದೂ ಒಂದೇ ಜಾತಿಯವು. ಕೀಲಿನ ಎರಡು ಮೂಳೆಗಳ ನಡುವೆ ತೆಳುವಾದ ದ್ರವವಿದ್ದು ಅದರಲ್ಲಿ ಅನಿಲವು ಕರಗಿರುತ್ತದೆ. ಮೂಳೆಗಳನ್ನು ಒಮ್ಮೆಗೇ ಬೇರೆಳೆದರೆ ದ್ರವದೊಳಗಿನ ಒತ್ತಡವು ತಟ್ಟನೆ ಇಳಿದು ಅಲ್ಲೊಂದು ಅನಿಲದ ಗುಹೆ ತೆರೆದುಕೊಳ್ಳುತ್ತದೆ. ೨೦೧೫ರಲ್ಲಿ ಕೆನಡಾದ ಸಂಶೋಧಕರು ಎಂ.ಆರ್.ಐ. ಯಂತ್ರದೊಳಗೆ ಬೆರಳನ್ನು ಎಳೆದು ಈ ಗುಹೆ ಮೂಡುವುದನ್ನು ಚಲಚ್ಚಿತ್ರವಾಗಿ ಹಿಡಿದರು. ಸದ್ದು ಹುಟ್ಟುವುದು ಗುಹೆ ತೆರೆಯುವಾಗಲೊ ಕುಸಿಯುವಾಗಲೊ ಎಂಬ ಚರ್ಚೆ ಇನ್ನೂ ಇದೆ. ಅನಿಲದ ಆಟವೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ಒಮ್ಮೆ ಸದ್ದು ಮಾಡಿದ ಕೀಲು ಸುಮಾರು ಇಪ್ಪತ್ತು ನಿಮಿಷ ಮತ್ತೆ ಸದ್ದು ಮಾಡದಿರುವುದೂ ಇದರಿಂದಲೇ.

ಸದ್ದು ಏನೂ ಅಲ್ಲವೆಂದಮಾತ್ರಕ್ಕೆ ಪಟ್ಟು ವ್ಯರ್ಥವೆಂದಾಗಲಿಲ್ಲ. ಬಹುದಿನದ ಸೊಂಟನೋವಿನ ಮೇಲೆ ನಡೆದ ೪೭ ಪ್ರಯೋಗಗಳನ್ನು ಒಟ್ಟುಗೂಡಿಸಿ ೨೦೧೯ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ವೈದ್ಯರು ಸಲಹೆ ಮಾಡುವ ಇತರ ಚಿಕಿತ್ಸೆಗಳಷ್ಟೇ ಗುಣ ಇದರಿಂದಲೂ ದೊರೆಯುತ್ತದೆಂದು ತೀರ್ಮಾನಿಸಿತು. ಹೆಚ್ಚೇನೂ ಅಲ್ಲ, ಕಡಿಮೆಯೂ ಅಲ್ಲ. ಸೊಂಟನೋವಿಗೆ ಇದು ಒಂದು ದಾರಿ. ಕಿವುಡಿಗೆ, ಉಬ್ಬಸಕ್ಕೆ, ಸಕ್ಕರೆ ಕಾಯಿಲೆಗೆ ಅಲ್ಲ.

ಸೂಜಿಯ ಕಥೆಯೂ ಇಂತಹುದೇ. ೧೯೩೮ರಲ್ಲಿ ಚೀನಕ್ಕೆ ಹೋದ ಭಾರತೀಯ ವೈದ್ಯ ನಿಯೋಗದಲ್ಲಿ ಕೋಟ್ನಿಸರ ಜೊತೆಗಿದ್ದ ಡಾಕ್ಟರ್ ಬಿಜಯಕುಮಾರ ಬಸು ಅವರು ಐವತ್ತರ ದಶಕದ ಕೊನೆಯಲ್ಲಿ ಮರಳಿ ಅಲ್ಲಿಗೆ ಹೋಗಿ ಈ ವಿದ್ಯೆಯನ್ನು ಕಲಿತು ಕಲ್ಕತ್ತೆಗೆ ತಂದರು. ೨೦೧೯ರಲ್ಲಿ ಭಾರತ ಸರ್ಕಾರವು ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಮನ್ನಿಸಿತು. ಚೀನೀಯರ ಶಾಸ್ತ್ರದಂತೆ ದೇಹದಲ್ಲಿ ಹನ್ನೆರಡು ಮುಖ್ಯ ನಾಳಗಳಿದ್ದು ಅವುಗಳಲ್ಲಿ 'ಚೀ' ಎಂಬ ಶಕ್ತಿ ಹರಿಯುತ್ತದೆ. ಶವಚ್ಛೇದನದಲ್ಲಿ ಅಂತಹ ನಾಳಗಳನ್ನು ಕಂಡವರಿಲ್ಲ. ಆದರೂ ನೋವು ತಗ್ಗುವುದುಂಟು.

ಜರ್ಮನಿಯವರು ಇದಕ್ಕೊಂದು ಅಚ್ಚುಕಟ್ಟಾದ ಪರೀಕ್ಷೆಯನ್ನು ಒಡ್ಡಿದರು. ಸೊಂಟನೋವಿನ ೧,೧೬೨ ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ, ಇನ್ನೊಂದಕ್ಕೆ ಬಿಂದುಗಳನ್ನು ಬಿಟ್ಟು ಬೇರೆಡೆ ಮೇಲುಮೇಲಾಗಿ ಸೂಜಿ, ಮೂರನೆಯದಕ್ಕೆ ಔಷಧ ವ್ಯಾಯಾಮಗಳ ವಾಡಿಕೆಯ ಚಿಕಿತ್ಸೆ ಎಂದು ಗೊತ್ತುಮಾಡಿದರು. ೨೦೦೭ರಲ್ಲಿ ಫಲಿತಾಂಶ ಹೊರಬಿತ್ತು. ಆರು ತಿಂಗಳ ನಂತರ ಗುಣ ಕಂಡವರು ಮೊದಲ ಗುಂಪಿನಲ್ಲಿ ನೂರಕ್ಕೆ ೪೭.೬, ಎರಡನೆಯದರಲ್ಲಿ ೪೪.೨, ಮೂರನೆಯದರಲ್ಲಿ ೨೭.೪. ಮೊದಲೆರಡರ ನಡುವಣ ಅಂತರ ಲೆಕ್ಕಕ್ಕೆ ಬಾರದಷ್ಟು. ಮೂರನೆಯದಕ್ಕೂ ಅವಕ್ಕೂ ಅಂತರ ದೊಡ್ಡದು. ಎಂದರೆ ಚುಚ್ಚುವುದರಲ್ಲಿಯೋ, ಮೈಮುಟ್ಟಿ ಅಕ್ಕರೆಯಿಂದ ನೋಡುವುದರಲ್ಲಿಯೋ, ರೋಗಿಯ ನಂಬಿಕೆಯಲ್ಲಿಯೋ ಏನೋ ಫಲವಿದೆ. ಎಲ್ಲಿ ಚುಚ್ಚಬೇಕೆಂದು ಹೇಳುವ ನಕ್ಷೆಗೆ ಮಾತ್ರ ಈ ಪರೀಕ್ಷೆಯಲ್ಲಿ ಬೆಲೆ ಸಿಕ್ಕಲಿಲ್ಲ.

ಎರಡು ವಿದ್ಯೆಗಳನ್ನು ಕೂಡಿಸಹೊರಟವನು ಇಲ್ಲಿಯೇ ಎಡವುತ್ತಾನೆಂದು ನನ್ನ ಅಭಿಪ್ರಾಯ. ಅವನು ಸಾಮಾನ್ಯವಾಗಿ ಕೂಡಿಸುವುದು ಎರಡರ ಸಿದ್ಧಾಂತಗಳನ್ನು: ಮಣಿ ಜಾರಿದ್ದರಿಂದ 'ಚೀ' ತಡೆಯಿತು, ಮಣಿಯನ್ನು ಕೂರಿಸಿ ಸೂಜಿಯಿಂದ ಹರಿವನ್ನು ಬಿಡಿಸಿದೆ ಎಂದು. ಆಧಾರವಿಲ್ಲದ ಒಂದಕ್ಕೆ ಆಧಾರವಿಲ್ಲದ ಇನ್ನೊಂದನ್ನು ಊರೆಗೋಲಾಗಿ ಕೊಟ್ಟಂತಾಯಿತು. ಅಲ್ಲದೆ ಒಂದೇ ದಿನ ಎರಡನ್ನೂ ಮಾಡಿದರೆ ಗುಣವಾದದ್ದು ಯಾವುದರಿಂದೆಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಪ್ರಯೋಗಶಾಲೆಯಲ್ಲಿ ಉಷ್ಣತೆಯನ್ನೂ ಒತ್ತಡವನ್ನೂ ಒಟ್ಟಿಗೇ ಬದಲಿಸಿದ ವಿದ್ಯಾರ್ಥಿಗೆ ನಾವು ಪ್ರಯೋಗವನ್ನು ಮತ್ತೆ ಮಾಡೆಂದು ಹೇಳುವುದಿಲ್ಲವೆ?

ಕೂಡಿಸಬಾರದೆಂದು ನಾನು ಹೇಳುತ್ತಿಲ್ಲ. ಕರ್ನಾಟಕದಲ್ಲಿಯೇ ಅದಕ್ಕೊಂದು ಕ್ರಮವಾದ ಹಾದಿ ಇದೆ. ಉಜಿರೆಯಲ್ಲಿ ೧೯೮೯ರಲ್ಲಿ ಆರಂಭವಾದ ಪ್ರಕೃತಿ ಚಿಕಿತ್ಸೆ ಮತ್ತು ಯೋಗವಿಜ್ಞಾನದ ಕಾಲೇಜು ಹಾಕಿಕೊಟ್ಟ ಪದವಿ ಶಿಕ್ಷಣವು ತರಬೇತಿಯ ವರ್ಷವೂ ಸೇರಿ ಐದೂವರೆ ವರ್ಷಗಳದು. ಅದರಲ್ಲಿ ಅಂಗರಚನೆ, ಶರೀರಕ್ರಿಯೆ, ರೋಗನಿದಾನಗಳ ಪಾಠಗಳ ತರುವಾಯ ಕೈಯಿಂದ ಮಾಡುವ ಚಿಕಿತ್ಸೆಗಳೂ ಅಕ್ಯುಪಂಕ್ಚರೂ ಬರುತ್ತವೆ. ಮೊದಲು ದೇಹ, ಆಮೇಲೆ ಪಟ್ಟು ಮತ್ತು ಸೂಜಿ ಎಂಬ ಈ ಕ್ರಮವೇ ಮುಖ್ಯವಾದುದು. ಕೈರೋಪ್ರಾಕ್ಟಿಕ್ ಒಂದನ್ನೇ ವೃತ್ತಿಯಾಗಿ ಹಿಡಿಯುವವನಿಗೆ ೪,೨೦೦ ಗಂಟೆಗಳ ಶಿಕ್ಷಣ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೦೫ರಲ್ಲಿ ಸೂಚಿಸಿತು. ವಾರಾಂತ್ಯದ ಶಿಬಿರದಲ್ಲಿ ಇಷ್ಟು ಗಂಟೆಗಳು ಹಿಡಿಯುವುದಿಲ್ಲ.

ಇಷ್ಟೊಂದು ಬಿಗಿ ಏಕೆಂದರೆ, ಅಲ್ಲಿರುವುದು ಕುತ್ತಿಗೆ. ಪಳಗಿದ ಚಿಕಿತ್ಸಕನು ಕುತ್ತಿಗೆಗೆ ಹಾಕುವ ಬಲ ಸುಮಾರು ೧೦೦ ನ್ಯೂಟನ್, ಹತ್ತು ಸೇರು ತೂಕಕ್ಕೆ ಸಮನೆನ್ನಿ. ಅಷ್ಟು ಬಲ ಬೀಳುವುದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲದಲ್ಲಿ. ರೋಗಿ ಸ್ನಾಯುಗಳನ್ನು ಬಿಗಿಹಿಡಿದು ತಡೆಯಲು ಆ ಅವಧಿ ಸಾಲದು. ಮೆದುಳಿಗೆ ರಕ್ತವನ್ನು ಒಯ್ಯುವ ಒಂದು ಜೊತೆ ಧಮನಿಗಳು ಕುತ್ತಿಗೆಯ ಮೇಲಿನ ಆರು ಮಣಿಗಳ ಪಕ್ಕದ ರಂಧ್ರಗಳಲ್ಲಿ ನುಸುಳಿ ತಲೆಬುರುಡೆಯ ಬಳಿ ಚೂಪಾಗಿ ತಿರುಗುತ್ತವೆ. ಇನ್ನೊಂದು ಜೊತೆ ಮುಂಬದಿಯಲ್ಲಿ ಏರುತ್ತವೆ. ತಿರುಚಿದಾಗ ಧಮನಿಯ ಒಳಪದರ ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಸಾಗಬಹುದು. ಇದು ದೂರದ ದೇಶದ ಮಾತಲ್ಲ. ಮೊಳಕಾಲ್ಮೂರಿಗೆ ನೆರೆಯಾದ ಬಳ್ಳಾರಿಯಲ್ಲಿ ೨೦೨೪ರಲ್ಲಿ ಮೂವತ್ತು ವರ್ಷದ ಯುವಕನೊಬ್ಬನು ಕ್ಷೌರದಂಗಡಿಯಲ್ಲಿ ತಲೆ ತಿಕ್ಕಿಸಿಕೊಂಡು ಕುತ್ತಿಗೆಯ ನೆಟಿಗೆ ತೆಗೆಸಿಕೊಂಡನು. ಕೆಲವೇ ಗಂಟೆಗಳಲ್ಲಿ ಮಾತು ತೊದಲಿ ಎಡಭಾಗ ದುರ್ಬಲವಾಯಿತು. ಕತ್ತಿನ ಧಮನಿ ಹರಿದಿದ್ದುದು ಬೆಂಗಳೂರಿನ ಆಸ್ಪತ್ರೆಯಲ್ಲಿ ಪತ್ತೆಯಾಯಿತು. ಪ್ರಾಣ ಉಳಿಯಿತು. ಇಂತಹವು ವಿರಳವೆಂಬುದು ನಿಜ. ಆದರೆ ನೋವು ತಾನಾಗಿಯೇ ಕೆಲವು ವಾರಗಳಲ್ಲಿ ಇಳಿಯಬಹುದಾದ ಕುತ್ತಿಗೆಗೆ ಆ ವಿರಳ ಅಪಾಯವನ್ನಾದರೂ ಏಕೆ ತಂದುಕೊಳ್ಳಬೇಕು? ಕೈಯ ಪಟ್ಟು ಸೊಂಟದಲ್ಲಿಯೇ ನಿಲ್ಲಲಿ, ಕುತ್ತಿಗೆಯನ್ನು ಗಕ್ಕನೆ ತಿರುಚುವುದು ಬೇಡವೆಂಬುದೇ ನನ್ನ ಮತ.

ನಮ್ಮ ನಾಟಿ ಮೂಳೆವೈದ್ಯರು ಇದನ್ನು ಓದಿ ನಕ್ಕಾರು. ಮೂಳೆ ಮುರಿದವರು ಗಡಿಯಾಚೆ ಆಂಧ್ರದ ಪುತ್ತೂರಿಗೆ ಹೋಗಿ ಬಿದಿರಿನ ದಬ್ಬೆ, ಸೊಪ್ಪಿನ ಲೇಪ, ಮೊಟ್ಟೆಯ ಬಿಳಿಯ ಕಟ್ಟು ಹಾಕಿಸಿಕೊಂಡು ಬರುವುದು ಇಂದಿಗೂ ಉಂಟು. ಅದನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಸುಶ್ರುತ ಸಂಹಿತೆಯು ಕೀಲು ತಪ್ಪುವುದರಲ್ಲಿ ಆರು ಬಗೆಯನ್ನೂ ಮೂಳೆ ಮುರಿಯುವುದರಲ್ಲಿ ಹನ್ನೆರಡು ಬಗೆಯನ್ನೂ ಎಣಿಸಿ, ಎಳೆಯುವುದು, ಅದುಮುವುದು, ಜೋಡಿಸುವುದು, ಕಟ್ಟುವುದು ಎಂಬ ಕ್ರಮವನ್ನು ಹೇಳಿದೆ. ಪೂರ್ವದೇಶದ ವೈದ್ಯವೆಂದೊಡನೆ ಚೀನದತ್ತ ಮಾತ್ರ ನೋಡುವವರು ಇದನ್ನು ಮರೆಯುತ್ತಾರೆ. ಆದರೆ ಸುಶ್ರುತನು ಚಿಕಿತ್ಸೆಗೆ ಮೊದಲು ಬಗೆಗಳನ್ನು ಎಣಿಸಿದನು. ಎಣಿಸದೆ ಕಟ್ಟುವವನು ಅವನ ಶಿಷ್ಯನಲ್ಲ.

ಬಗೆ ಎಣಿಸುವುದೆಂದರೆ ಏನೆಂಬುದಕ್ಕೆ ಈ ಸೀಮೆಯ ಸೊಂಟವೇ ಸಾಕು. ಮೊಳಕಾಲ್ಮೂರಿನ ಗುಂಡಿಮಗ್ಗದಲ್ಲಿ ರೇಷ್ಮೆ ಸೀರೆ ನೇಯುವವನೂ, ಚಳ್ಳಕೆರೆಯ ಎಣ್ಣೆ ಗಿರಣಿಯಲ್ಲಿ ಶೇಂಗಾ ಮೂಟೆ ಹೊರುವ ಹಮಾಲಿಯೂ ಸೊಂಟನೋವೆಂದೇ ಹೇಳುತ್ತಾರೆ. ಅಂತಹ ನೂರು ಮಂದಿಯಲ್ಲಿ ಒಬ್ಬನಿಗೆ ಅದು ಬೆನ್ನುಮೂಳೆಯ ಕ್ಷಯವಾಗಿರಬಹುದು. ಸಂಜೆಯ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದಾಗಲೂ ಬಿಡದ ನೋವು ಅದರ ಸುಳಿವುಗಳು. ಕ್ಷಯ ತಿಂದ ಮಣಿಯನ್ನು ಅದುಮಿದರೆ ಅದು ಕುಸಿದು ಬೆನ್ನುಹುರಿಯನ್ನು ಒತ್ತಿ ಎರಡು ಕಾಲುಗಳೂ ಸೋತುಹೋಗಬಹುದು. ಔಷಧಿಯನ್ನು ತಿಂಗಳುಗಟ್ಟಲೆ ತಪ್ಪದೆ ಸೇವಿಸಿದರೆ ಅದೇ ರೋಗ ಗುಣವಾಗುತ್ತದೆ. ಆದುದರಿಂದ ಪಟ್ಟು, ಸೂಜಿ ಎರಡನ್ನೂ ಬಲ್ಲ ಪದವೀಧರರನ್ನು ಊರೂರು ಶಿಬಿರಗಳಿಗೆ ಕಳುಹಿಸುವ ಬದಲು, ಎಕ್ಸ್‌ರೇ ಮತ್ತು ಕಫ ಪರೀಕ್ಷೆ ಇರುವ ತಾಲ್ಲೂಕು ಆಸ್ಪತ್ರೆಯಲ್ಲಿ, ಮೂಳೆವೈದ್ಯರ ಪಕ್ಕದ ಕೊಠಡಿಯಲ್ಲಿ ಕೂರಿಸತಕ್ಕದ್ದು. ಯಾರಿಗೆ ಏನು ಮಾಡಿತು, ಆರು ತಿಂಗಳ ನಂತರ ಅವರು ಹೇಗಿದ್ದಾರೆ ಎಂಬುದನ್ನು ಅವರು ಪುಸ್ತಕದಲ್ಲಿ ಬರೆದಿಡಲಿ.

ಉಳಿದ ತೊಂಬತ್ತೊಂಬತ್ತು ಮಂದಿಯ ನೋವಿಗೆ ಮೂಲ ಬಹುಮಟ್ಟಿಗೆ ಸನ್ನೆಕೋಲಿನ ಲೆಕ್ಕ. ನೇಕಾರನ ಸೊಂಟದಿಂದ ಮೇಲಿನ ತೂಕ ೩೫ ಕಿಲೋ ಎನ್ನೋಣ. ಅವನು ಮಗ್ಗದ ಮೇಲೆ ಬಾಗಿದಾಗ ಆ ಭಾರದ ಕೇಂದ್ರವು ಸೊಂಟದ ಮಣಿಯಿಂದ ೨೫ ಸೆಂಟಿಮೀಟರ್ ಮುಂದೆ ಬರುತ್ತದೆ. ಅದನ್ನು ಎಳೆದು ಹಿಡಿಯುವ ಬೆನ್ನಿನ ಸ್ನಾಯುಗಳು ಮಣಿಯಿಂದ ಹಿಂದಕ್ಕೆ ಕೇವಲ ೫ ಸೆಂಟಿಮೀಟರ್. ಅಲ್ಲಿಗೆ ಸ್ನಾಯುಗಳು ಎಳೆಯಬೇಕಾದ್ದು ೧೭೫ ಕಿಲೋ ತೂಕದಷ್ಟಾಯಿತು. ಬಾಗುವುದನ್ನು ೧೫ ಸೆಂಟಿಮೀಟರಿಗೆ ಇಳಿಸಿದರೆ ಅದು ೧೦೫ ಆಗುತ್ತದೆ. ಕೂರುವ ಹಲಗೆಯನ್ನು ಎಷ್ಟು ಎತ್ತರಿಸಿದರೆ, ಅಥವಾ ಎಷ್ಟು ಮುಂದೆ ಸರಿಸಿದರೆ ಹೀಗಾಗುವುದೆಂಬುದನ್ನು ಮೊಳಕಾಲ್ಮೂರಿನ ಯಾವುದಾದರೊಂದು ಮಗ್ಗದ ಮುಂದೆ ಅಡಿಪಟ್ಟಿ ಹಿಡಿದು ಕುಳಿತು ಒಂದು ಮಧ್ಯಾಹ್ನದಲ್ಲಿ ಅಳೆಯಬಹುದು.