ಹಳೆಯ ಆದೇಶಗಳ ನಿವೃತ್ತಿ: ಬದಲಿ ಮೊದಲಿರಲಿ, ಮುಳುಗಡೆ ಆಮೇಲೆ

ಪರದೆಯ ಮೇಲಿನ ಚಿತ್ರಗಳನ್ನು ಒತ್ತಿ ಕೆಲಸ ಮಾಡುವ ಬಹುಪಾಲು ಜನರಿಗೆ ಕಮಾಂಡ್ ಲೈನ್ ಎಂಬುದು ಅಪರಿಚಿತ ಲೋಕ. ಆದರೆ ಬ್ಯಾಂಕು, ಕಚೇರಿ, ಕಾಲೇಜುಗಳ ಸರ್ವರ್‌ಗಳಲ್ಲಿ ಇರುಳಿಡೀ ಕಡತಗಳ ಪ್ರತಿ ತೆಗೆಯುವ, ಪಟ್ಟಿ ವಿಂಗಡಿಸುವ, ದತ್ತಾಂಶ ರವಾನಿಸುವ ಕೆಲಸವನ್ನು ನಡೆಸುವುದು ಅಕ್ಷರಗಳಲ್ಲಿ ಬರೆದಿಟ್ಟ ಆದೇಶಗಳೇ. ಆದೇಶದ ಬೆನ್ನಿಗೆ ಸೇರುವ ಕಿರುಸೂಚನೆಗೆ ‘ಆಪ್ಷನ್’ ಎಂದು ಹೆಸರು. ಹಳತಾದ ಆದೇಶ, ಆಪ್ಷನ್‌ಗಳನ್ನು ಯಾವಾಗ, ಹೇಗೆ ಕೈಬಿಡಬೇಕು ಎಂಬ ಪ್ರಶ್ನೆ ಮುಕ್ತ ತಂತ್ರಾಂಶ ವಲಯದಲ್ಲಿ ಪದೇ ಪದೇ ಏಳುತ್ತಿದೆ. ಇದು ತಂತ್ರಜ್ಞರ ಒಳಜಗಳ ಮಾತ್ರವಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಗ್ನೂ ಗ್ರೆಪ್ 3.8 ಆವೃತ್ತಿ ಇದಕ್ಕೆ ಒಳ್ಳೆಯ ನಿದರ್ಶನ. ಕಡತಗಳಲ್ಲಿ ಪದ ಹುಡುಕುವ ‘ಈಗ್ರೆಪ್’ ಮತ್ತು ‘ಎಫ್‌ಗ್ರೆಪ್’ ಆದೇಶಗಳು 1970ರ ದಶಕದ ಯುನಿಕ್ಸ್ ಕಾಲದಿಂದ ಬಂದವು. 2007ರಲ್ಲೇ ಇವು ಕೈಬಿಡತಕ್ಕವು ಎಂದು ಘೋಷಿತವಾಗಿದ್ದವು. ಆದರೆ ಬಳಸಿದಾಗಲೆಲ್ಲ ಪರದೆಯ ಮೇಲೆ ಎಚ್ಚರಿಕೆ ಮೂಡತೊಡಗಿದ್ದು ಹದಿನೈದು ವರ್ಷಗಳ ನಂತರ. ಆದೇಶ ಕೆಲಸ ಮಾಡುತ್ತಿತ್ತು. ಹೆಚ್ಚಿಗೆ ಬಂದದ್ದು ಒಂದು ಸಾಲಿನ ಎಚ್ಚರಿಕೆ ಮಾತ್ರ. ಆ ಸಾಲನ್ನೇ ದೋಷವೆಂದು ಎಣಿಸುವ ಹಳೆಯ ಸ್ಕ್ರಿಪ್ಟ್‌ಗಳಿಗೆ ಅಷ್ಟೇ ಸಾಕಾಯಿತು. ಕೆಲವು ಲಿನಕ್ಸ್ ವಿತರಣೆಗಳು ಆ ಎಚ್ಚರಿಕೆಯನ್ನೇ ತೆಗೆದುಹಾಕಿ ತಂತ್ರಾಂಶವನ್ನು ಹಂಚಿದವು.

ಎಚ್ಚರಿಕೆಗಿಂತ ಅಪಾಯಕಾರಿಯಾದುದು ಸದ್ದಿಲ್ಲದೆ ಅರ್ಥ ಬದಲಾಗುವುದು. ವಿಂಗಡಣೆಯ ‘ಸಾರ್ಟ್’ ಆದೇಶಕ್ಕೆ ‘+1’ ಸೇರಿಸಿದರೆ ಎರಡನೆಯ ಕಲಮಿನಿಂದ ವಿಂಗಡಿಸು ಎಂಬುದು ಹಳೆಯ ಅರ್ಥ. 2001ರ ಪಾಸಿಕ್ಸ್ ಮಾನದಂಡದ ಪ್ರಕಾರ ಅದೇ ಬರಹಕ್ಕೆ ‘+1’ ಎಂಬ ಹೆಸರಿನ ಕಡತವನ್ನು ವಿಂಗಡಿಸು ಎಂದು ಅರ್ಥವಾಯಿತು. 2008ರ ಮಾನದಂಡ ಎರಡರಲ್ಲಿ ಯಾವುದಾದರೂ ಸರಿ ಎಂದಿತು. ಏಳು ವರ್ಷಗಳಲ್ಲಿ ಮಾನದಂಡವೇ ಅರ್ಧ ಹಿಂದೆ ಸರಿದಿತ್ತು.

ಇದರ ಪೆಟ್ಟು ಬೀಳುವುದು ಯಾರಿಗೆ? ಹುನಗುಂದದ ಪತ್ತಿನ ಸಹಕಾರಿ ಸಂಘವೊಂದನ್ನು ಊಹಿಸಿಕೊಳ್ಳಬಹುದು. ಲೆಕ್ಕದ ಸರ್ವರ್ ಅಳವಡಿಸಿ ಸ್ಕ್ರಿಪ್ಟ್ ಬರೆದುಕೊಟ್ಟ ಯುವಕ ಬೆಂಗಳೂರು ಸೇರಿ ವರ್ಷಗಳಾಗಿವೆ. ಸರ್ವರ್ ಹೊಸ ಆವೃತ್ತಿಗೆ ಏರಿದ ರಾತ್ರಿ ಪ್ರತಿ ತೆಗೆಯುವ ಕೆಲಸ ನಿಲ್ಲುತ್ತದೆ. ಅದು ಗುಮಾಸ್ತರ ಗಮನಕ್ಕೆ ಬರುವುದು ಕಳೆದುಹೋದ ಕಡತ ಬೇಕಾದ ದಿನ. ಎಚ್ಚರಿಕೆಯ ಸಾಲನ್ನು ಓದುವವರೇ ಅಲ್ಲಿಲ್ಲ. ಮಹಾನಗರದ ಕಂಪನಿಗೆ ಅರ್ಧ ದಿನದ ದುರಸ್ತಿಯಾಗುವುದು ತಾಲ್ಲೂಕು ಕೇಂದ್ರಕ್ಕೆ ವಾರಗಳ ಪರದಾಟ.

ತಂತ್ರಾಂಶ ನಿರ್ವಾಹಕರ ವಾದವೂ ಹುರುಳಿಲ್ಲದ್ದಲ್ಲ. ಮುಕ್ತ ತಂತ್ರಾಂಶದ ಎಷ್ಟೋ ಯೋಜನೆಗಳು ಬೆರಳೆಣಿಕೆಯ ಸ್ವಯಂಸೇವಕರ ಹೆಗಲ ಮೇಲಿವೆ. ಉಳಿಸಿಕೊಂಡ ಪ್ರತಿಯೊಂದು ಹಳೆಯ ಆಪ್ಷನ್ನನ್ನೂ ಪ್ರತಿ ಆವೃತ್ತಿಯಲ್ಲಿ ಪರೀಕ್ಷಿಸಬೇಕು. ಭದ್ರತೆಯ ವಿಷಯದಲ್ಲಂತೂ ಹಳತನ್ನು ಉಳಿಸುವುದೇ ಅಪರಾಧವಾದೀತು. ದುರ್ಬಲವೆಂದು ಸಾಬೀತಾದ ಡಿಎಸ್‌ಎ ಕೀಲಿಗಳನ್ನು ಓಪನ್‌ಎಸ್‌ಎಸ್‌ಎಚ್ 2015ರಲ್ಲಿ ತಾನಾಗಿ ಒಪ್ಪದಂತೆ ಮಾಡಿತು. 2024ರ ಜನವರಿಯಲ್ಲಿ ನಿರ್ಮೂಲನದ ವೇಳಾಪಟ್ಟಿ ಪ್ರಕಟಿಸಿ, 2025ರ ಏಪ್ರಿಲ್‌ನ 10.0 ಆವೃತ್ತಿಯಲ್ಲಿ ಪೂರ್ಣವಾಗಿ ತೆಗೆಯಿತು. ಕಡತ ರವಾನೆಯ ‘ಎಸ್‌ಸಿಪಿ’ ಆದೇಶವನ್ನು 2022ರಲ್ಲಿ ಹೊಸ ಪದ್ಧತಿಗೆ ಬದಲಿಸಿದಾಗಲೂ ಹಳೆಯ ಪದ್ಧತಿಯನ್ನು ಕೇಳಿ ಪಡೆಯಲು ಒಂದು ಆಪ್ಷನ್ ಉಳಿಸಿತು. ಕೈಬಿಡುವುದರಲ್ಲೂ ಒಂದು ಕ್ರಮವಿದೆ ಎಂಬುದಕ್ಕೆ ಇದು ಸಾಕ್ಷಿ.

ಹಳೆಯ ಹೆಸರನ್ನು ಅಳಿಸದೆಯೇ ತಪ್ಪು ತಿದ್ದಿದ ಉದಾಹರಣೆ ಕನ್ನಡದಲ್ಲೇ ಇದೆ. ಬಾದಾಮಿ ಚಾಲುಕ್ಯರ ಕಾಲದ ಹಳಗನ್ನಡದಲ್ಲಿ ಬಳಕೆಯಲ್ಲಿದ್ದ ‘ೞ’ ಅಕ್ಷರಕ್ಕೆ ಯೂನಿಕೋಡ್ ಮಾನದಂಡದಲ್ಲಿ ಬಿದ್ದ ಹೆಸರು ‘ಕನ್ನಡ ಲೆಟರ್ ಫಾ’. ಅದು ತಪ್ಪೆಂದು ಎಲ್ಲರೂ ಬಲ್ಲರು. ಆದರೂ ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬುದು ಯೂನಿಕೋಡ್‌ನ ನಿಯಮ. ಆದ್ದರಿಂದ ಸರಿಯಾದ ಹೆಸರನ್ನು ಪರ್ಯಾಯವಾಗಿ ಜೋಡಿಸಲಾಯಿತು. ಹಳೆಯ ಹೆಸರನ್ನು ನೆಚ್ಚಿದ ತಂತ್ರಾಂಶ ಮುರಿಯಲಿಲ್ಲ.

ಆಡಳಿತಕ್ಕೂ ಈ ಪಾಠ ಹೊಸದಲ್ಲ. 2017ರ ಮುಂಗಡಪತ್ರದಲ್ಲಿ ಪ್ರಕಟವಾದ ಹೊಸ ತಾಲ್ಲೂಕುಗಳಲ್ಲಿ ಇಳಕಲ್ ಕೂಡ ಒಂದು. ಅದಕ್ಕೂ ಮುಂಚಿನ ದಾಖಲೆಗಳಲ್ಲಿ ಅದು ಹುನಗುಂದ ತಾಲ್ಲೂಕಿನ ಊರು. ತಾಲ್ಲೂಕು ಬದಲಾಯಿತೆಂದು ಹಳೆಯ ಖರೀದಿಪತ್ರ ರದ್ದಾಗುವುದಿಲ್ಲ. ಎರಡೂ ಉಲ್ಲೇಖಗಳನ್ನು ಅರ್ಥಮಾಡಿಕೊಳ್ಳುವ ಹೊಣೆ ಕಚೇರಿಯದು. ತಂತ್ರಾಂಶದಿಂದಲೂ ಅಷ್ಟನ್ನೇ ನಿರೀಕ್ಷಿಸುವುದು ಅತಿಯಾಸೆಯಲ್ಲ.

ಆಲಮಟ್ಟಿಯ ಹಿನ್ನೀರಿಗೆ ಊರಿನ ಭಾಗವನ್ನೇ ಬಿಟ್ಟುಕೊಟ್ಟು ನವನಗರ ಕಟ್ಟಿಕೊಂಡ ಬಾಗಲಕೋಟೆಯ ಜನರಿಗೆ ಮುಳುಗಡೆ, ಪುನರ್ವಸತಿಗಳ ಕ್ರಮ ವಿವರಿಸಬೇಕಿಲ್ಲ. ಮೊದಲು ನೋಟಿಸು, ಬಳಿಕ ಬದಲಿ ನೆಲೆ, ಕೊನೆಗೆ ನೀರು: ನ್ಯಾಯವಾದ ಕ್ರಮ ಇದೊಂದೇ. ಹಳೆಯ ಆಪ್ಷನ್ ತೆಗೆಯುವವರು ಬದಲಿಯನ್ನು ಮುಂಚಿತವಾಗಿ ಕೊಡಬೇಕು, ತೆಗೆಯುವ ದಿನವನ್ನು ಸಾರಬೇಕು, ತೆಗೆದ ಹೆಸರಿಗೆ ಬೇರೆ ಅರ್ಥ ಕೊಡಬಾರದು. ಇತ್ತ ಕಚೇರಿಗಳ ಹೊಣೆಯೂ ಕಡಿಮೆಯಿಲ್ಲ. ಯಾವ ಸ್ಕ್ರಿಪ್ಟ್ ಎಲ್ಲಿದೆ, ಏನು ಮಾಡುತ್ತದೆ ಎಂಬ ಪಟ್ಟಿ ಬರಹದಲ್ಲಿರಬೇಕು. ಹೊಸ ಆವೃತ್ತಿಯನ್ನು ಮೊದಲು ಬೇರೆ ಯಂತ್ರದಲ್ಲಿ ಪರೀಕ್ಷಿಸಬೇಕು. ನಿರ್ವಹಣೆಯ ಗುತ್ತಿಗೆಯಲ್ಲಿ ಎಚ್ಚರಿಕೆಗಳನ್ನು ಓದಿ ಸರಿಪಡಿಸುವ ಷರತ್ತು ಸೇರಬೇಕು. ಉಚಿತವಾಗಿ ಸಿಕ್ಕ ತಂತ್ರಾಂಶಕ್ಕೂ ನಿರ್ವಹಣೆಯ ಖರ್ಚು ಇದೆ ಎಂಬುದನ್ನು ಮುಂಗಡಪತ್ರ ಬರೆಯುವವರು ಮರೆಯಬಾರದು.