ಜೈಲು ಸಿಬ್ಬಂದಿಗೆ ಲಾಠಿಯ ತರಬೇತಿಯಷ್ಟೇ ಸಾಕೇ?

ಜೈಲಿನಲ್ಲಿ ಹೊಡೆದಾಟ ನಡೆದಾಗ ಅಥವಾ ಮೊಬೈಲ್ ಸಿಕ್ಕಿಬಿದ್ದಾಗ ಮಾತ್ರ ನಾವು ಅಲ್ಲಿನ ಸಿಬ್ಬಂದಿಯ ಬಗ್ಗೆ ಮಾತನಾಡುತ್ತೇವೆ. ಹೊಸದಾಗಿ ನೇಮಕಗೊಂಡ ವಾರ್ಡರ್‌ಗೆ ಏನನ್ನು ಕಲಿಸಿ ಕೆಲಸಕ್ಕೆ ಹಚ್ಚಲಾಗಿದೆ ಎಂದು ಕೇಳುವವರು ಕಡಿಮೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಕೈದಿಗಳಿದ್ದರು. ಅವರಲ್ಲಿ ಶೇ. 75.8 ಮಂದಿ ವಿಚಾರಣಾಧೀನರು. ಅಂದರೆ ಅವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ. ಹಗಲಿರುಳು ಇವರೊಂದಿಗೆ ಇರುವವರು ವಾರ್ಡರ್‌ಗಳೇ.

ಕವಾಯತು, ಲಾಠಿ, ಬಂದೂಕಿನ ಕಲಿಕೆ ಬೇಕು, ಆದರೆ ಅಷ್ಟೇ ಸಾಲದು. ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳ ಪ್ರಕಾರ ಕರ್ತವ್ಯಕ್ಕೆ ಹಾಜರಾಗುವ ಮೊದಲೇ ತರಬೇತಿ ಆಗಬೇಕು. ಕಾನೂನು, ಕೈದಿಗಳ ಹಕ್ಕು, ಮಾತಿನಿಂದಲೇ ಜಗಳ ಬಿಡಿಸುವ ವಿಧಾನ, ಪ್ರಥಮ ಚಿಕಿತ್ಸೆ, ಮಾನಸಿಕ ತೊಂದರೆಯನ್ನು ಬೇಗನೆ ಗುರುತಿಸುವುದು ಇವೆಲ್ಲ ಅದರಲ್ಲಿ ಇರಬೇಕು. ನಾರ್ವೆಯಲ್ಲಿ ಈ ತರಬೇತಿ ಎರಡು ವರ್ಷ, ಅದೂ ಸಂಬಳ ಸಹಿತ.

2024ರ ಅಕ್ಟೋಬರ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್, ಜಾತಿ ನೋಡಿ ಕೈದಿಗಳಿಗೆ ಕೆಲಸ ಹಂಚುವ ಜೈಲು ನಿಯಮಗಳನ್ನು ರದ್ದುಪಡಿಸಿತು. ಆದರೆ ಬೆಳಿಗ್ಗೆ ಪೊರಕೆ ಯಾರ ಕೈಗೆ, ಅಡುಗೆ ಯಾರ ಪಾಲಿಗೆ ಎಂಬುದು ಜೈಲಿನ ಒಳಗೆ ತೀರ್ಮಾನವಾಗುತ್ತದೆ. ಅಲ್ಲಿನ ಸಿಬ್ಬಂದಿಗೆ ಈ ತೀರ್ಪನ್ನು ಕಲಿಸದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ.

ಸಿಬ್ಬಂದಿ ಕೊರತೆಯ ನೆಪದಲ್ಲಿ ಸರಕಾರ ತರಬೇತಿಯನ್ನು ಮೊಟಕುಗೊಳಿಸಬಾರದು. ಬಿಡುಗಡೆಯಾದವರು ಮರಳುವುದು ನಮ್ಮ ಊರುಗಳಿಗೇ. ಯಾವ ಮನಸ್ಸಿನಿಂದ ಮರಳುತ್ತಾರೆ ಎಂಬುದು ಒಳಗೆ ಅವರನ್ನು ನಡೆಸಿಕೊಂಡ ರೀತಿಯನ್ನೂ ಅವಲಂಬಿಸಿದೆ.